ಡಿಸೆಂಟ್ರಲೈಸೇಶನ್ ಜಟಾಪಾಠ

ಪುರಾಣಗಳಲ್ಲಿ ಬಗೆಬಗೆಯ ನರಕಗಳ ವರ್ಣನೆ ಇದೆ. ಕಾಯಿಸಿದ ಎಣ್ಣೆಯದೊಂದು, ಮುಳ್ಳಿನದೊಂದು, ಹುಳುಗಳದೊಂದು. ಆದರೆ ವಿದ್ಯಾಧೀಶಾಚಾರ್ಯರ ಖಚಿತ ಅಭಿಪ್ರಾಯದ ಪ್ರಕಾರ, ಬರೆದವರು ಒಂದನ್ನು ಮರೆತುಬಿಟ್ಟಿದ್ದಾರೆ: ಇಂಗ್ಲಿಷ್ ಬಲ್ಲ ಷಡ್ಡಕ. (ಹೆಂಡತಿಯ ಅಕ್ಕನ ಗಂಡನಿಗೆ ಇಷ್ಟು ಒರಟಾದ ಶಬ್ದವನ್ನು ಇಟ್ಟ ಪುಣ್ಯಾತ್ಮ ಸ್ವತಃ ಅನುಭವಸ್ಥನೇ ಇರಬೇಕು.)

ಆಚಾರ್ಯರೇನು ಸಾಮಾನ್ಯರಲ್ಲ. ಬಾಗಲಕೋಟೆಯ ಕಡೆಯಿಂದ ಎಳೆಯ ವಯಸ್ಸಿಗೇ ಕಾಶಿಗೆ ಬಂದು, ಸೋದರಮಾವನ ಬೆತ್ತದ ಅಡಿಯಲ್ಲಿ ವೇದ ಕಲಿತು, ಬಂಗಾಲಿ ಟೋಲಾದ ಗಲ್ಲಿಯೊಂದರ ಮಾಳಿಗೆ ಮನೆಯಲ್ಲಿ ತಾಯಿ ಮತ್ತು ಹೆಂಡತಿಯೊಡನೆ ನೆಲೆಸಿದವರು. ಕೇದಾರ ಘಾಟಿನಲ್ಲಿ ಅವರದೊಂದು ಹಲಗೆ, ಹಲಗೆಯ ಮೇಲೊಂದು ದೊಡ್ಡ ಛತ್ರಿ. ಕರ್ನಾಟಕದಿಂದ ಬಂದ ಯಾತ್ರಿಕರಿಗೆ ಗಂಗಾಸ್ನಾನದ ಸಂಕಲ್ಪದಿಂದ ಹಿಡಿದು ಪಿಂಡಪ್ರದಾನದವರೆಗೆ ಎಲ್ಲವನ್ನೂ ಮಾಡಿಸುವವರು ಅವರೇ. ಮಂತ್ರವನ್ನು ನೆಟ್ಟಗೆ ಹೇಳುವುದಂತೂ ಸರಿಯೇ, ಹಿಂದು ಮುಂದಾಗಿ ಹೆಣೆದು ಜಡೆಯಂತೆ ಜಟಾಪಾಠ ಹೇಳುವುದರಲ್ಲೂ ಅವರನ್ನು ಮೀರಿಸುವವರು ಆ ಗಲ್ಲಿಯಲ್ಲಿ ಇರಲಿಲ್ಲ.

ಇಂಗ್ಲಿಷ್ ಮಾತ್ರ ಗಂಗೆಯಲ್ಲಿ ತೇಲಿಬಂದಷ್ಟೇ. ಕಮ್, ಬೋಟ್, ನೋ ಫೋಟೋ. ಅದರ ಮೇಲೆ ನಾಲಿಗೆ ಬೇರೆ ಬನಾರಸಿನದು. ಈ ಊರಿನಲ್ಲಿ ಸ್ಕೂಲು ಇಸ್ಕೂಲಾಗುತ್ತದೆ, ಸ್ಟೇಶನ್ನು ಇಸ್ಟೇಶನ್ನಾಗುತ್ತದೆ, ಯಾರೂ ಬೇಸರ ಪಡುವುದಿಲ್ಲ. ಆದರೆ ಆಚಾರ್ಯರ ಮದುವೆಗೆ ಧಾರವಾಡದಲ್ಲಿ ದಿಬ್ಬಣ ಇಳಿದಾಗ, ಎದುರುಗೊಳ್ಳಲು ಬಂದಿದ್ದ ಷಡ್ಡಕ ಬದರೀನಾರಾಯಣರಿಗೆ ಮದುಮಗ ಹೇಳಿದ ಮೊದಲ ಮಾತೇ “ಇಸ್ಟೇಶನ್ ಭಾಳ ಚಲೋ ಅದ” ಎಂಬುದಾಗಿತ್ತು. ಬದರೀನಾರಾಯಣರು ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಪ್ರೊಫೆಸರು. ಅವರು ನಕ್ಕರು. ಅವರು ನಕ್ಕರೆಂದು ಇಡೀ ಬೀಗರ ಕಡೆಯವರು ನಕ್ಕರು. ಅಂದಿನಿಂದ ಹೆಂಡತಿಯ ತವರಿನಲ್ಲಿ ವಿದ್ಯಾಧೀಶಾಚಾರ್ಯರು ‘ಇಸ್ಟೇಶನ್ ಆಚಾರ್ಯರು’ ಆಗಿ ಉಳಿದರು. ಆಚಾರ್ಯರು ಅದನ್ನು ಗಂಗೆಗೆ ಬಿಟ್ಟಿದ್ದರು. ಹೆಂಡತಿ ಶ್ರೀರಮಾ ಬಿಟ್ಟಿರಲಿಲ್ಲ.

ಪಂಚಾಯ್ತಿಗಳಿಗೆ ಹೊಸ ಕಾನೂನು ಬಂದು ಪತ್ರಿಕೆಗಳಲ್ಲೆಲ್ಲ ಅದೇ ಸುದ್ದಿಯಾಗಿದ್ದ ವರ್ಷ ಅದು. ಕಾರ್ತಿಕಕ್ಕೆ ಇನ್ನೂ ಸ್ವಲ್ಪ ದಿನವಿತ್ತು. ಗಲ್ಲಿಯ ತುದಿಯ ಔಷಧದ ಅಂಗಡಿಗೆ ಅಕ್ಕನ ಫೋನು ಬಂದಿದೆಯೆಂದು ಓಡಿಹೋದ ಶ್ರೀರಮಾ, ಬರುವಾಗ ಮುಖ ಕೆಂಪಗೆ ಮಾಡಿಕೊಂಡು ಮೆಟ್ಟಿಲು ಹತ್ತಿ ಬಂದಳು.

“ಏನಾತು? ನಿಮ್ಮಕ್ಕ ಆರಾಮ ಇದ್ದಾರಿಲ್ಲೋ?”

“ಆರಾಮ ಇದ್ದಾಳ. ಕಾರ್ತಿಕ ಸ್ನಾನಕ್ಕ ಇಬ್ಬರೂ ಬರ್ಲಿಕ್ಕೆ ಹತ್ಯಾರ.”

“ಬರ್ಲಿ, ಬರ್ಲಿ,” ಎಂದರು ಆಚಾರ್ಯರು. ದನಿ ಮಾತ್ರ ಎರಡು ಮೆಟ್ಟಿಲು ಕೆಳಗಿಳಿದಿತ್ತು.

“ನಮ್ಮ ಕನ್ನಡ ಬಳಗದ ರಾಜ್ಯೋತ್ಸವದಾಗ ಭಾವನವರದ ಭಾಷಣ. ಮಠದ ಶಂಭುಲಿಂಗಯ್ಯನವರು ಆಗಲೇ ಒಪ್ಪಿಸಿಬಿಟ್ಟಾರ.”

“ಮಾಡ್ಲಿ. ನನಗ ಅವತ್ತ ಸಂಜಿಗೆ ಒಂದು ಶ್ರಾದ್ಧ ಅದ.”

“ಸಂಜಿಗೆ ಯಾವ ಪಿತೃಗಳು ಬರ್ತಾರರೀ? ಸುಮ್ಮನ ಕೂಡ್ರಿ. ಭಾವನವರ ಪರಿಚಯ ಮಾಡಿ, ಭಾಷಣದ ವಿಷಯ ಹೇಳವರು ನೀವ.”

ಆಚಾರ್ಯರು ಕೈಯಲ್ಲಿದ್ದ ಪಂಚಾಂಗವನ್ನು ಕೆಳಗಿಟ್ಟರು. ಶ್ರೀರಮಾ ಎಲ್ಲವನ್ನೂ ಹೇಳಿದಳು. ಭಾವನವರು ಫೋನಿನಲ್ಲಿ, “ಸ್ವಾಗತಕ್ಕ ಇಂಗ್ಲಿಷ್ ಬಲ್ಲವರನ್ನ ಯಾರನ್ನಾದ್ರೂ ಹಾಕ್ರಿ. ನಿಮ್ಮ ಇಸ್ಟೇಶನ್ ಆಚಾರ್ಯರನ್ನ ಹಾಕಿದ್ರ ನನ್ನ ಗಾಡಿ ಹಳಿ ತಪ್ತದ” ಎಂದಿದ್ದರು. ಹಿಂದೆ ನಿಂತ ಅಕ್ಕ ಅನಂತಲಕ್ಷ್ಮಿ ಕಿಸಕ್ಕೆಂದು ನಕ್ಕದ್ದು ಅಷ್ಟು ದೂರದ ತಂತಿಯಲ್ಲಿಯೂ ಸ್ಪಷ್ಟವಾಗಿ ಕೇಳಿಸಿತ್ತು.

“ನೀ ಏನಂದಿ?”

“ನಮ್ಮವರ ಹೇಳ್ತಾರ ಅಂದೆ. ಒಂದಕ್ಷರ ತಪ್ಪಿದ್ರೂ ನಿಮ್ಮ ಮಗಳ ಮದಿವಿಗೆ ನಾ ಕಾಲಿಡೂದಿಲ್ಲ ಅಂದೆ.”

ಮಕ್ಕಳಿಲ್ಲದ ಶ್ರೀರಮಾ, ಮದುವೆಗೆ ಮುಂಚೆ ಅಕ್ಕನ ಬಾಣಂತನ ಮಾಡಿ, ಅವಳ ಮಗಳು ವಿನೋದಾಳನ್ನು ತಾನೇ ಎರೆದು, ತಾನೇ ತೂಗಿ ಬೆಳೆಸಿದವಳು. ವೈಶಾಖದಲ್ಲಿ ಆ ಹುಡುಗಿಯ ಮದುವೆ. ಅದಕ್ಕೆಂದು ಹಸಿರು ಬನಾರಸಿ ಸೀರೆಯನ್ನು ತಂದು, ಬೇವಿನ ಎಲೆಯ ನಡುವೆ ಮಡಿಸಿಟ್ಟು, ದಿನ ಬಿಟ್ಟು ದಿನ ತೆಗೆದು ನೋಡಿ ಮತ್ತೆ ಇಡುತ್ತಿದ್ದಳು. ಇಂಥ ಮದುವೆಯನ್ನು ಗಂಡನ ನಾಲಿಗೆಯ ಮೇಲೆ ಪಣಕ್ಕಿಟ್ಟು ಬಂದಿದ್ದಾಳಲ್ಲ! ಸಿಟ್ಟು ಬರಬೇಕಾಗಿತ್ತು. ಆದರೆ ತನ್ನ ನಾಲಿಗೆಯ ಮೇಲೆ ಇಷ್ಟು ವಿಶ್ವಾಸ ಇಟ್ಟವರು ಇವಳ ಹೊರತು ಬೇರೆ ಯಾರಿದ್ದಾರೆ ಎನ್ನಿಸಿ, ಆಚಾರ್ಯರು ಬೆನ್ನು ನೆಟ್ಟಗೆ ಮಾಡಿ ಕೂತರು.

“ಆಗಲಿ. ಏನದು ವಿಷಯ?”

“ಡೆಮೊಕ್ರ್ಯಾಟಿಕ್ ಡಿಸೆಂಟ್ರಲೈಸೇಶನ್.”

ನೆಟ್ಟಗಾದ ಬೆನ್ನು ಮತ್ತೆ ಬಾಗಿತು.

“ಅದಕ್ಕ ಕನ್ನಡದಾಗ ಏನೂ ಇಲ್ಲೇನು?”

“ಅದ. ಪ್ರಜಾಸತ್ತಾತ್ಮಕ ವಿಕೇಂದ್ರೀಕರಣ.”

“ಆಹಾ! ಅದನ್ನ ನಾ ನಿದ್ದಿಗಣ್ಣಾಗೂ ಹೇಳ್ತೀನಿ!”

“ಕನ್ನಡದಾಗ ಹೇಳಿದ್ರ ಯಾರಿಗೂ ತಿಳಿಯೂದಿಲ್ಲಂತ. ಇಂಗ್ಲಿಷಿನ್ಯಾಗ ಹೇಳ್ರಿ ಅಂದಾರ. ಬರ್ರಿ, ನಾ ಹೇಳಿಕೊಡ್ತೀನಿ. ಕಾಲೇಜಿನ್ಯಾಗ ಎರಡು ವರ್ಷ ರಾಜ್ಯಶಾಸ್ತ್ರ ಓದಿದಾಕಿ ನಾನು.”

ಇಲ್ಲಿಯೇ ಆಚಾರ್ಯರು ಎಡವಿದ್ದು. ನಾಲ್ಕು ಜನ ಶಿಷ್ಯರಿಗೆ ಪಾಠ ಹೇಳುವ ಗಂಡಸು ಹೆಂಡತಿಯ ಮುಂದೆ ಮಂಡಿಯೂರಿ ಡಿ, ಸೆಂ ಎಂದು ತೊದಲುವುದೇ? “ಬ್ಯಾಡ, ನಾ ನೋಡ್ಕೋತೀನಿ” ಎಂದು ಉತ್ತರೀಯ ಕೊಡವಿ, ಸಕಲ ವಿದ್ಯೆಗಳ ತವರಾದ ಪಾನಿನ ಅಂಗಡಿಗೆ ಹೊರಟರು.

ಬನಾರಸಿನ ಪಾನಿನ ಅಂಗಡಿಯಲ್ಲಿ ಗೊತ್ತಿಲ್ಲ ಎನ್ನುವವರೇ ಇಲ್ಲ. ಕಷ್ಟವೆಂದರೆ, ಗೊತ್ತಿದ್ದದ್ದನ್ನು ಹೇಳಲು ಯಾರ ಬಾಯಿಯೂ ಖಾಲಿ ಇರುವುದಿಲ್ಲ. ಅಂಗಡಿಯವನು ಕೆನ್ನೆ ತುಂಬಿದ ರಸವನ್ನು ಚೆಲ್ಲಲು ಮನಸ್ಸಾಗದೆ, ಗದ್ದ ಮೇಲೆತ್ತಿ, “ಡಿಮೋಕಲಾಟಿಕ್ ಡಿಸಂಟಲ್ಲೈಜೇಸನ್, ಪಂಡಿತ್‌ಜೀ” ಎಂದ. ಪಕ್ಕದಲ್ಲಿದ್ದ ವಕೀಲರ ಗುಮಾಸ್ತ ಅದನ್ನು ಖಂಡಿಸಿ, ಶಬ್ದವನ್ನು ಬೇರೆ ಜಾಗದಲ್ಲಿ ಮುರಿದ. ಇಬ್ಬರಿಗೂ ವಾದ ಹತ್ತಿತು. ಔಷಧದ ಅಂಗಡಿಯ ಕಂಪೌಂಡರು ಮಾತ್ರ ಅರ್ಧ ಕೇಳಿಸಿಕೊಂಡು, “ಡಿಸೆಂಟ್ರಿಯಾ? ಅರೇ, ಮೊದಲೇ ಹೇಳಬಾರದೇ!” ಎಂದು ಕಳಕಳಿಯಿಂದ ಮಾತ್ರೆ ಕಟ್ಟಿಕೊಟ್ಟ. ಆಚಾರ್ಯರು ಜ್ಞಾನ ಅರಸಿ ಹೋಗಿ ಹೊಟ್ಟೆಯ ಮಾತ್ರೆ ಹಿಡಿದುಕೊಂಡು ಮನೆಗೆ ಬಂದರು.

ಶ್ರೀರಮಾ ಅಡುಗೆಮನೆಯ ಬಾಗಿಲಲ್ಲಿ ಈಳಿಗೆಮಣೆಯ ಮೇಲೆ ಕೂತು ನುಗ್ಗೇಕಾಯಿ ಹೆಚ್ಚುತ್ತಿದ್ದಳು. ಗಂಡನ ಮುಖ, ಕೈಯಲ್ಲಿನ ಮಾತ್ರೆ ಎರಡನ್ನೂ ನೋಡಿದಳು. ಒಂದು ಉದ್ದನೆಯ ಕಾಯಿಯನ್ನು ಎತ್ತಿ ಹಿಡಿದಳು.

“ಇದನ್ನ ಇಡಿಯಾಗಿ ಬಾಯಾಗ ತುರುಕಿದ್ರ ಏನಾಗ್ತದ?”

“ಗಂಟಲಿಗೆ ಸಿಗ್ತದ.”

“ಅದಕ್ಕ ತುಂಡು ಮಾಡಬೇಕು. ನೋಡ್ರಿ. ಡಿ. ಸೆಂ. ಟ್ರ. ಲೈ. ಸೇ. ಶನ್.”

ಒಂದೊಂದು ಅಕ್ಷರಕ್ಕೆ ಒಂದೊಂದು ತುಂಡು ತಟ್ಟೆಗೆ ಬಿತ್ತು. ಆಚಾರ್ಯರು ತಮಗೆ ತಿಳಿಯದಂತೆಯೇ ಎದುರಿಗೆ ಚಕ್ಕಂಬಕ್ಕಳ ಹಾಕಿ ಕೂತಿದ್ದರು.

“ಎಲ್ಲಾ ತುಂಡೂ ಒಂದ ಸಮ ಹೇಳಬಾರದು ಮತ್ತ. ಈ ‘ಸೆಂ’ ಅದಲ್ಲಾ, ಅದನ್ನ ಸ್ವಲ್ಪ ಎತ್ತಬೇಕು. ‘ಟ್ರ’ ತಗ್ಗಿಸಬೇಕು. ‘ಸೇ’ ಬಂದಾಗ ಮತ್ತ ಎತ್ತಿ, ‘ಶನ್’ ಮೆಲ್ಲಗ ಕೆಳಗಿಡಬೇಕು.”

ಆಚಾರ್ಯರ ಕಣ್ಣು ಅಗಲವಾದವು. “ಏನಂದಿ? ಎತ್ತೂದು, ತಗ್ಗಿಸೂದು? ಹಂಗಂದ್ರ ಇಂಗ್ಲಿಷಿಗೂ ಸ್ವರ ಅದ! ಉದಾತ್ತ, ಅನುದಾತ್ತ ಎಲ್ಲಾ ಅದ! ಇಷ್ಟು ವರ್ಷ ಯಾರೂ ನನಗ ಇದನ್ನ ಹೇಳೇ ಇಲ್ಲಲ್ಲ!”

“ನೀವು ಯಾರನ್ನ ಕೇಳಿದ್ರಿ?” ಎಂದಳು ಶ್ರೀರಮಾ.

ಆಚಾರ್ಯರ ಬಲಗೈ ತಾನಾಗಿ ಮೇಲೆ ಹೋಯಿತು. ಡಿ ಎಂದಾಗ ತಗ್ಗಿತು, ಸೆಂ ಎಂದಾಗ ಹುಬ್ಬಿನವರೆಗೆ ಏರಿತು, ಶನ್ ಎಂದಾಗ ತೊಡೆಯ ಮೇಲೆ ಇಳಿಯಿತು. ಶಬ್ದ ಒಂದು ಕೂದಲೆಳೆ ಅಲುಗದೆ ಹೊರಬಂತು. ಹೆಂಡತಿ ಈಳಿಗೆಮಣೆ ಬದಿಗಿಟ್ಟು ಚಪ್ಪಾಳೆ ತಟ್ಟಿದಳು. ಅಷ್ಟಕ್ಕೆ ನಿಂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಸೋದರಮಾವ ಕಲಿಸಿದ್ದೇ ಹಾಗೆ: ನೆಟ್ಟಗೆ ಹೇಳಿದ್ದು ಮರೆತುಹೋದೀತು, ಹಿಂದು ಮುಂದಾಗಿ ಹೆಣೆದದ್ದು ಸತ್ತರೂ ಮರೆಯುವುದಿಲ್ಲ. ಹೆಂಡತಿಯ ತವರಿನ ಪ್ರಶ್ನೆಯಾದ್ದರಿಂದ ಆಚಾರ್ಯರು ಹೆಣೆದೇಬಿಟ್ಟರು.

“ಡಿಸೆಂ, ಸೆಂಡಿ, ಡಿಸೆಂ. ಸೆಂಟ್ರ, ಟ್ರಸೆಂ, ಸೆಂಟ್ರ. ಟ್ರಲೈ, ಲೈಟ್ರ, ಟ್ರಲೈ. ಲೈಸೇ, ಸೇಲೈ, ಲೈಸೇ. ಸೇಶನ್, ಶನ್‌ಸೇ, ಸೇಶನ್.”

“ಇದ್ಯಾಕ್ರೀ? ಸಭಾದಾಗ ನೆಟ್ಟಗ ಒಂದ ಸಲ ಹೇಳಿದ್ರ ಸಾಕು.”

“ನಿನಗ ತಿಳಿಯೂದಿಲ್ಲ, ಇದು ಅಡಿಪಾಯ,” ಎಂದರು ಆಚಾರ್ಯರು, ಗುರು ಮತ್ತೆ ತಾವೇ ಆದ ಸಂತೋಷದಲ್ಲಿ.

ಮರುದಿನದಿಂದ ಬೆಳಗಿನ ಜಾವದ ಪಾರಾಯಣಕ್ಕೆ ಹೊಸ ಸೂಕ್ತವೊಂದು ಸೇರಿಕೊಂಡಿತು. ಆಚಾರ್ಯರ ತಾಯಿ ಕೃಷ್ಣಮ್ಮ ಹಾಸಿಗೆಯ ಮೇಲೆಯೇ ಕೈ ಮುಗಿದುಕೊಂಡು ಕೂತು ಕೇಳುತ್ತಿದ್ದರು. ಒಂದು ದಿನ ತುಳಸಿಯ ದಳ ತಂದು ಮಗನ ಮುಂದಿಟ್ಟರು.

“ಯಾವ ಶಾಖಾದಪ್ಪ ಇದು?”

“ರಾಜ್ಯಶಾಸ್ತ್ರದ್ದವ್ವಾ.”

“ಭಾಳ ಛಂದ ಅದ. ನಿಮ್ಮಪ್ಪನೂ ಇದನ್ನ ಹೇಳ್ತಿದ್ರು. ನಡುವ ನಡುವ ತಪ್ತಿದ್ರು, ಪಾಪ,” ಎಂದು ಕಣ್ಣೊರೆಸಿಕೊಂಡರು. ಆಚಾರ್ಯರಿಗೆ ಇಲ್ಲವೆನ್ನಲು ಮನಸ್ಸಾಗಲಿಲ್ಲ. ಒಳಗೆ ಶ್ರೀರಮಾ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಯ ಮೂಲೆಗೆ ಓಡಿದಳು.

ರಾಜ್ಯೋತ್ಸವದ ದಿನ ಹತ್ತಿರ ಬಂತು. ಷಡ್ಡಕರೂ ಬಂದಿಳಿದರು, ಅತ್ತಿಗೆಯೂ ಬಂದರು. ಮಠದ ಶಂಭುಲಿಂಗಯ್ಯನವರಿಗೆ ಮಾತ್ರ ಒಂದೇ ಚಿಂತೆ. ಕಾಶಿಯ ಕನ್ನಡಿಗರನ್ನೆಲ್ಲ ಗುಡಿಸಿ ತಂದರೂ ಧರ್ಮಶಾಲೆಯ ಪಡಸಾಲೆಯಲ್ಲಿ ಎರಡು ಸಾಲು ತುಂಬುವುದಿಲ್ಲ, ಅದರಲ್ಲೂ ಮಕ್ಕಳು ಹಿಂದಿಯಲ್ಲಿ “ಘರ್ ಚಲೋ” ಎಂದು ಅಳತೊಡಗುತ್ತವೆ. ದೂರದಿಂದ ಬಂದ ಪ್ರೊಫೆಸರರು ಜಮಖಾನೆಗೆ ಭಾಷಣ ಮಾಡಬೇಕೇ?

“ಜನಾ ನಾ ತರ್ತೀನಿ,” ಎಂದು ಆಚಾರ್ಯರು ಎದೆ ತಟ್ಟಿಕೊಂಡರು.

ರಾಜ್ಯೋತ್ಸವದ ದಿನ ಬೆಳಿಗ್ಗೆ ಅವರ ಹಲಗೆಗೆ ಗುಂಡೇರಾಯ ಕುಲಕರ್ಣಿಯವರ ನೇತೃತ್ವದಲ್ಲಿ ಒಂದು ಬಸ್ಸಿನ ತುಂಬ ಯಾತ್ರಿಕರು ಬಂದಿದ್ದರು. ಎಲ್ಲರೂ ಭಕ್ತಿಯ ಜನ. ಆಚಾರ್ಯರು ಹೇಳಿದ್ದನ್ನು ಹೇಳುವುದು, ನೀರು ಬಿಡಿ ಎಂದಾಗ ಬಿಡುವುದು, ಇದರಲ್ಲಿ ಅವರಿಗೆ ಒಂದಿಷ್ಟೂ ಆಲಸ್ಯವಿರಲಿಲ್ಲ. ಘಾಟಿನಲ್ಲಿ ಯಾತ್ರಿಕರ ಧರ್ಮವೇ ಅದು. ಅರ್ಥ ಕೇಳುವಂತಿಲ್ಲ, ಬಾಯಿ ಮುಚ್ಚುವಂತಿಲ್ಲ. ಆಚಾರ್ಯರ ಅಪ್ಪಣೆಯೂ ಖಡಕ್ಕು: “ಬರೇ ತುಟಿ ಅಲ್ಲಾಡಿಸಿದ್ರ ಫಲ ಇಲ್ಲ, ದನಿ ಕೇಳಬೇಕು.” ಸಂಕಲ್ಪ ಮುಗಿದ ಮೇಲೆ ಅವರಿಗೆ, “ಸಂಜಿಗೆ ಧರ್ಮಶಾಲಾಕ್ಕ ಎಲ್ಲಾರೂ ಬರ್ರಿ. ನಂದೊಂದು ಹೇಳೂದದ. ಮುಂದ ದೊಡ್ಡವರೊಬ್ಬರು ಹೇಳ್ತಾರ” ಎಂದರು.

ಬರುವುದಕ್ಕೇನು, ಬಂದರು. ಆದರೆ ಮಿಂದು, ಮಡಿಯುಟ್ಟು, ಪಂಚಪಾತ್ರೆ ಉದ್ಧರಣೆ ಹಿಡಿದುಕೊಂಡು ಬಂದು ಸಾಲಾಗಿ ಪೂರ್ವಾಭಿಮುಖವಾಗಿ ಕೂತರು. ಶಂಭುಲಿಂಗಯ್ಯನವರಿಗೆ ಜನ ತುಂಬಿದ ಸಂಭ್ರಮದಲ್ಲಿ ಉಳಿದದ್ದೊಂದೂ ಕಾಣಲಿಲ್ಲ.

ನಾಡಗೀತೆಯಾಯಿತು. ದೀಪ ಬೆಳಗಿದ್ದಾಯಿತು. ಆಚಾರ್ಯರು ಎದ್ದು ನಿಂತರು. ಮುಂದಿನ ಸಾಲಿನಲ್ಲಿ ಅಕ್ಕ ತಂಗಿಯರು ಪಕ್ಕಪಕ್ಕದಲ್ಲೇ ಕೂತಿದ್ದರು. ಅಕ್ಕನ ತುಟಿಯ ಅಂಚಿನಲ್ಲಿ ಆ ಫೋನಿನ ನಗು ಸಿದ್ಧವಾಗಿತ್ತು. ಶ್ರೀರಮಾಳ ಬೆರಳುಗಳು ಸೆರಗಿನ ತುದಿಯನ್ನು ಹಿಂಡುತ್ತಿದ್ದವು. ಅದನ್ನು ನೋಡಿದ್ದೇ ತಡ, ಆಚಾರ್ಯರ ಕಣ್ಣು ಕತ್ತಲಿಟ್ಟವು. ಷಡ್ಡಕರ ಹೆಸರು, ಊರು, ವಿದ್ಯೆ ಹೇಗೋ ದಾಟಿತು. ಆ ಶಬ್ದದ ಸರದಿ ಬಂತು. ಆಪತ್ತಿನಲ್ಲಿ ಮನುಷ್ಯ ತಾಯಿಯನ್ನು ನೆನೆಯುತ್ತಾನೆ, ವೈದಿಕ ಮಾತ್ರ ಮೊದಲು ಸ್ವರವನ್ನು ಹಿಡಿಯುತ್ತಾನೆ. ಆಚಾರ್ಯರು ಕಣ್ಣು ಮುಚ್ಚಿ, ಬಲಗೈ ಎತ್ತಿ, ಕಂಚಿನಂಥ ಕಂಠ ತೆರೆದರು.

“ಡೆ, ಮೊ…”

“ಡೆ, ಮೊ…” ಎಂದಿತು ಪಡಸಾಲೆ.

ಆಚಾರ್ಯರು ಬೆಚ್ಚಿಬಿದ್ದರು. ಇಲ್ಲಿ ನಿಲ್ಲಿಸಬೇಕಾಗಿತ್ತು. ಆದರೆ ತೊಡಗಿದ ಮಂತ್ರವನ್ನು ನಡುವೆ ಬಿಡುವುದು ಅವರ ಕುಲದಲ್ಲಿ ಇಲ್ಲ.

“ಕ್ರ್ಯಾ, ಟಿಕ್.”

“ಕ್ರ್ಯಾ, ಟಿಕ್.”

“ಡಿಸೆಂಟ್ರಲೈಸೇಶನ್.”

ಇಲ್ಲಿ ಹಿಂದಿನ ಸಾಲಿನವರಾರೋ ‘ಟ್ರ’ವನ್ನು ನುಂಗಿಬಿಟ್ಟರು. ಆಚಾರ್ಯರ ಕಣ್ಣು ಥಟ್ಟನೆ ತೆರೆದವು. ಸಭೆ, ರಾಜ್ಯೋತ್ಸವ, ಷಡ್ಡಕ ಎಲ್ಲವೂ ಮಾಯವಾಗಿ, ತಪ್ಪು ಹೇಳಿದ ಶಿಷ್ಯನೊಬ್ಬನೇ ಕಂಡ.

“ಹೂಂ ಹೂಂ! ಯಾರದು? ಟ್ರ ಎಲ್ಲೆ ಹೋತು? ಮೊದಲಿಂದ ಬರಲಿ. ಡಿಸೆಂ, ಸೆಂಡಿ, ಡಿಸೆಂ!”

“ಡಿಸೆಂ, ಸೆಂಡಿ, ಡಿಸೆಂ!”

“ಸೆಂಟ್ರ, ಟ್ರಸೆಂ, ಸೆಂಟ್ರ!”

ಪಡಸಾಲೆಯ ಕಂಬಗಳು ಗುಂಯ್‌ಗುಟ್ಟಿದವು. ಅಳುತ್ತಿದ್ದ ಮಕ್ಕಳು ಅಳು ನಿಲ್ಲಿಸಿ ಕುಣಿದು ಕುಣಿದು ಹೇಳಿದವು. ವೇದಿಕೆಯ ಮೇಲೆ ಶಂಭುಲಿಂಗಯ್ಯನವರು ಮೇಜಿನ ಮೇಲೆ ತಾಳ ಹಾಕತೊಡಗಿದರು. ಅನಂತಲಕ್ಷ್ಮಿಯವರ ತುಟಿಯೂ ಅವರ ಅನುಮತಿ ಕೇಳದೆ ಅಲ್ಲಾಡುತ್ತಿತ್ತು. ಕೊನೆಗೆ ಆಚಾರ್ಯರು ಇಡೀ ಶಬ್ದವನ್ನು ಮತ್ತೊಮ್ಮೆ ನೆಟ್ಟಗೆ ಹೇಳಿದಾಗ, ಯಾತ್ರಿಕರೆಲ್ಲರೂ ಒಂದೇ ಉಸಿರಿಗೆ, ಸ್ವರ ಸಹಿತ, ಒಂದಕ್ಷರ ತಪ್ಪದೆ ಹೇಳಿದರು: “ಡೆಮೊಕ್ರ್ಯಾಟಿಕ್ ಡಿಸೆಂಟ್ರಲೈಸೇಶನ್!”

ದನಿ ಅಡಗುವುದರೊಳಗೆ ಗುಂಡೇರಾಯರು ಎದ್ದು ನಿಂತು ವಿನಯದಿಂದ ಕೇಳಿದರು.

“ಆಚಾರ್ರ, ನೀರು ಬಿಡೂದೇನ್ರಿ?”

“ಬಿಡ್ರಿ,” ಎಂದುಬಿಟ್ಟರು ಆಚಾರ್ಯರು.

ಎಲ್ಲರೂ ಬಿಟ್ಟರು. ಧರ್ಮಶಾಲೆಯ ಹೊಸ ಜಮಖಾನೆ ಆ ಗಂಗೆಯನ್ನೆಲ್ಲ ಕುಡಿದು ತಣ್ಣಗಾಯಿತು. ಆಗ ಆಚಾರ್ಯರಿಗೆ ಎಚ್ಚರವಾಯಿತು. ಹೆಂಡತಿಯತ್ತ ನೋಡುವ ಧೈರ್ಯ ಬರಲಿಲ್ಲ. ವೈಶಾಖದ ಮದುವೆ ಕಣ್ಣೆದುರೇ ಗಂಗೆಯ ಪಾಲಾದಂತೆ ಕಂಡಿತು. ಕುರ್ಚಿ ಹುಡುಕಿಕೊಂಡು ಕುಸಿದು ಕೂತರು.

ಬದರೀನಾರಾಯಣರು ಮುಖ ಗಂಟಿಕ್ಕಿಕೊಂಡು ಎದ್ದರು. ಕನ್ನಡಕ ಸರಿಮಾಡಿಕೊಂಡು, “ಸಭಿಕರೇ” ಎಂದರು.

“ಸಭಿಕರೇ,” ಎಂದರು ಸಭಿಕರು.

“ದಯವಿಟ್ಟು ಸುಮ್ಮನಿರಿ.”

“ದಯವಿಟ್ಟು ಸುಮ್ಮನಿರಿ.”

“ಇದೇನಿದು?”

“ಇದೇನಿದು?”

ಪ್ರೊಫೆಸರರು ಆಚಾರ್ಯರ ಕಡೆ ತಿರುಗಿ ಉರಿಗಣ್ಣು ಬಿಟ್ಟರು. ಆಚಾರ್ಯರು ಜಮಖಾನೆ ನೋಡುತ್ತಿದ್ದರು. ಬೇರೆ ದಾರಿಯಿಲ್ಲದೆ ಬದರೀನಾರಾಯಣರು ಭಾಷಣವನ್ನು ಮುಂದುವರಿಸಿದರು. “ಅಧಿಕಾರ ದಿಲ್ಲಿಯಲ್ಲಿ ಇರಬಾರದು” ಎಂದರು. ಜನ ಹೇಳಿದರು. “ಹಳ್ಳಿಗೆ ಬರಬೇಕು” ಎಂದರು. ಜನ ಇನ್ನೂ ಜೋರಾಗಿ ಹೇಳಿದರು. ಬರುಬರುತ್ತ ಅವರ ಹುಬ್ಬಿನ ಗಂಟು ಸಡಿಲವಾಯಿತು. ಎಷ್ಟೋ ವರ್ಷಗಳಿಂದ ಅವರು ಪಾಠ ಹೇಳಿದ್ದು ಆಕಳಿಸುವ ಹುಡುಗರಿಗೆ. ಕೊನೆಯ ಬೆಂಚು ನಿದ್ದೆ ಮಾಡುತ್ತಿತ್ತು, ನಡುವಿನ ಬೆಂಚು ಬೇರೇನೋ ಓದುತ್ತಿತ್ತು. ಇಲ್ಲಿ ನೋಡಿದರೆ ಹಣ್ಣು ಹಣ್ಣು ಮುದುಕಿಯರು ಅವರ ಒಂದೊಂದು ಮಾತನ್ನೂ ತೀರ್ಥದ ಹಾಗೆ ಅಂಗೈಯಲ್ಲಿ ಹಿಡಿಯುತ್ತಿದ್ದಾರೆ! ಅವರು ವಾಕ್ಯಗಳನ್ನು ತಾವಾಗಿಯೇ ಸಣ್ಣಗೆ ತುಂಡರಿಸತೊಡಗಿದರು. ಆಮೇಲೆ ದನಿ ಏರಿಸಿ ಇಳಿಸತೊಡಗಿದರು. ಆಮೇಲೆ, ಯಾರೂ ಕೇಳದಿದ್ದರೂ, ಪಂಚಾಯ್ತಿ ಕಾನೂನನ್ನು ಮೊದಲಿನಿಂದ ಕೊನೆಯವರೆಗೆ ಹೇಳಿಸಿದರು. ಮುಗಿಸಿ ಕೂತಾಗ ಅವರ ಕನ್ನಡಕ ಮಂಜಾಗಿತ್ತು. ಜನ ಸಾಲುಗಟ್ಟಿ ಬಂದು ಕಾಲಿಗೆ ಬಿದ್ದರು.

ಮನೆಯಲ್ಲಿ ಊಟಕ್ಕೆ ಕೂತಾಗ ಅನಂತಲಕ್ಷ್ಮಿಯವರು ಸುಮ್ಮನಿರಲಾರದೆ ಎಂದರು:

“ಏನ ಆಗಲಿ ಶ್ರೀರಮಾ, ನಿನ್ನ ಗಂಡ ಸಭಾಕ್ಕ ಶ್ರಾದ್ಧಾನ ಮಾಡಿಬಿಟ್ಟ ನೋಡು.”

ಆಚಾರ್ಯರ ಕೈ ತುತ್ತಿನ ಮೇಲೆ ನಿಂತಿತು. ಶ್ರೀರಮಾ ತುಪ್ಪದ ಗಿಂಡಿ ಕೆಳಗಿಟ್ಟಳು.

“ಅಕ್ಕಾ, ನಮ್ಮವರು ಒಂದು ಮಾತು ಹೇಳಿದ್ರ ಪಡಸಾಲಿಗೆ ಪಡಸಾಲಿನ ತಿರುಗಿ ಹೇಳ್ತು. ಭಾವನವರು ಮನ್ಯಾಗ ಹೇಳಿದ್ದನ್ನ ನೀ ಒಂದ ದಿನಾನಾದ್ರೂ ತಿರುಗಿ ಹೇಳೀದೇನು?”

“ಇಲ್ಲ,” ಎಂದು ಅಕ್ಕನ ಬದಲು ಭಾವನವರೇ ಉತ್ತರ ಕೊಟ್ಟರು. “ಒಂದ ದಿನಾನೂ ಹೇಳಿಲ್ಲ. ಮತ್ತ ಇನ್ನೊಂದು ಮಾತು. ಆಚಾರ್ರು ಒಂದಕ್ಷರ ತಪ್ಪಿಲ್ಲ. ನಮ್ಮ ಕಾಲೇಜಿನ್ಯಾಗ ಪ್ರಿನ್ಸಿಪಾಲರಿಗೂ ಅಷ್ಟು ಶುದ್ಧ ಬರೂದಿಲ್ಲ. ಇವತ್ತಿನಿಂದ ಆ ಇಸ್ಟೇಶನ್ ಬಂದ್.”

ಅನಂತಲಕ್ಷ್ಮಿಯವರು ಎದ್ದು ಕುಂಕುಮದ ಭರಣಿ ತಂದು ತಂಗಿಯ ಹಣೆಗಿಟ್ಟರು. “ವಿನೋದಾ ನೀ ಬಂದು ಅರಿಶಿಣ ಹಚ್ಚೂತನಕ ಹಸಿಮಣಿ ಏರೂದಿಲ್ಲಂತ ಕೂತಾಳ. ತಿಂಗಳ ಮೊದಲ ಬಾ” ಎಂದರು. ಶ್ರೀರಮಾಳ ಕಣ್ಣು ತುಂಬಿದವು. ಗಂಡನ ಅನ್ನಕ್ಕೆ ತುಪ್ಪ ಹಾಕಲು ಬಗ್ಗಿದವಳು ಕೈ ತೆಗೆಯುವುದನ್ನೇ ಮರೆತಳು. ಅನ್ನ ತುಪ್ಪದಲ್ಲಿ ತೇಲಿತು. ಆಚಾರ್ಯರು ಬೇಡವೆನ್ನಲಿಲ್ಲ. ಜೀವಮಾನದಲ್ಲಿ ಅಷ್ಟು ರುಚಿಯಾದ ಅನ್ನವನ್ನು ಅವರು ಉಂಡಿರಲಿಲ್ಲ.

ಬೆಳಗಾಯಿತು. ಅಂದು ಗುಂಡೇರಾಯರ ತಂಡದ ಪಿಂಡಪ್ರದಾನ. ಆಚಾರ್ಯರು ದರ್ಭೆ, ಎಳ್ಳು ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು, ನಿನ್ನೆಯ ವಿಜಯದ ಗತ್ತಿನಲ್ಲಿ ಶಲ್ಯವನ್ನು ಎರಡು ಸಲ ಸರಿಮಾಡಿಕೊಂಡು ಬಾಗಿಲಿಗೆ ಬಂದರು. ಗಲ್ಲಿಯ ತುಂಬ ಯಾತ್ರಿಕರು ನಿಂತಿದ್ದರು. ಗುಂಡೇರಾಯರು ಕೈ ಹಿಸುಕಿಕೊಂಡರು.

“ಆಚಾರ್ರ, ತಪ್ಪು ತಿಳೀಬ್ಯಾಡ್ರಿ. ನಿಮ್ಮ ಮಂತ್ರಾನೂ ಚಲೋನ ಇತ್ತು. ಆದ್ರ ಭಾಳ ಸಣ್ಣದು. ಆ ದೊಡ್ಡ ಆಚಾರ್ರು ಒಂದ ತಾಸು ಹೇಳಿದ್ರು ನೋಡ್ರಿ, ಅಷ್ಟುದ್ದದ ಮಂತ್ರ ನಮ್ಮ ಮನಿತನದಾಗ ಯಾರಿಗೂ ಸಿಕ್ಕಿಲ್ಲ. ಅದರಾಗ ಅರ್ಧ ನಮಗ ತಿಳೀತು ಬ್ಯಾರೆ. ನಮ್ಮಪ್ಪಗ ಅದ ಆಗಬೇಕು. ಅವರನ್ನ ಕಳಸ್ರಿ.”

“ಅವರು… ಅವರು ವೈದಿಕರಲ್ಲ!” ಎಂದು ಆಚಾರ್ಯರು ತಡವರಿಸಿದರು. “ಅವರು ಹೇಳಿದ್ದು ಮಂತ್ರ ಅಲ್ಲ. ಅದು ಪಂಚಾಯ್ತಿ!”

“ಇರ್ಲಿ ಬಿಡ್ರಿ. ನಮ್ಮಪ್ಪ ಇಪ್ಪತ್ತು ವರ್ಷ ಪಂಚಾಯ್ತಿ ಚೇರ್ಮನ್ ಇದ್ರು.”

ನ್ಯಾಯಕ್ಕಾಗಿ ಆಚಾರ್ಯರು ಮನೆಯೊಳಗೆ ತಿರುಗಿದರು. ಅಲ್ಲಿ ಬದರೀನಾರಾಯಣರು ಆಗಲೇ ಮಿಂದು, ಆಚಾರ್ಯರದೇ ಮಡಿಪಂಚೆಯುಟ್ಟು, ಹನ್ನೆರಡು ಕಡೆ ನಾಮ ಹಚ್ಚಿಕೊಂಡು, ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಕೃಷ್ಣಮ್ಮ ಅವರ ಕೈಗೆ ತುಳಸಿ ಕೊಡುತ್ತಿದ್ದರು. ಆಚಾರ್ಯರು ಕೊನೆಯ ಆಸರೆಯಾಗಿ ಹೆಂಡತಿಯನ್ನು ನೋಡಿದರು.

ಶ್ರೀರಮಾ ನಗು ತಡೆಯಲು ತುಟಿ ಕಚ್ಚಿಕೊಂಡು, ಗಂಡನ ಕೈಗೆ ಕೊಡ ಕೊಟ್ಟಳು. “ಹೋಗ್ರಿ, ಪಾಪ. ಭಾವನವರಿಗೆ ಘಾಟಿನ ಮೆಟ್ಟಲು ರೂಢಿ ಇಲ್ಲ. ಕೈ ಹಿಡಕೊಂಡು ಇಳಸ್ರಿ.”

ಹೀಗಾಗಿ ಅಂದು ಕೇದಾರ ಘಾಟಿನ ಛತ್ರಿಯ ಕೆಳಗೆ ವಿದ್ಯಾಧೀಶಾಚಾರ್ಯರ ಹಲಗೆಯ ಮೇಲೆ ಪ್ರೊಫೆಸರ್ ಬದರೀನಾರಾಯಣರು ಕೂತರು. ಪಿಂಡ ಕಟ್ಟಿಕೊಟ್ಟವರು, ದರ್ಭೆ ಹಂಚಿದವರು, ಪಿತೃಗಳಿಗೆ ಮೋಸವಾಗಬಾರದೆಂದು ನಿಜವಾದ ಮಂತ್ರವನ್ನು ತುಟಿಯೊಳಗೇ ಹೇಳಿಕೊಂಡವರು ಆಚಾರ್ಯರು. ಷಡ್ಡಕರು ಗ್ರಾಮಸಭೆಯಿಂದ ತೊಡಗಿದರು. ಜನ ಹೇಳಿದರು. ಆಚಾರ್ಯರು ಮುಖ ಆಚೆ ತಿರುಗಿಸಿಕೊಂಡು, ಹಲ್ಲು ಕಚ್ಚಿ ಕೂತರು. ಆದರೆ ಹಿಂದಿನಿಂದ ಮುದುಕಪ್ಪನೊಬ್ಬ ‘ತಾಲ್ಲೂಕು ಪಂಚಾಯ್ತಿ’ಯಲ್ಲಿ ಒಂದಕ್ಷರ ನುಂಗಿದ್ದು ಕಿವಿಗೆ ಬಿತ್ತು. ಆಮೇಲೆ ಅವರಿಂದ ತಡೆಯಲಾಗಲಿಲ್ಲ. ಜಿಲ್ಲಾ ಪಂಚಾಯ್ತಿ ಬರುವ ಹೊತ್ತಿಗೆ ಇಡೀ ಘಾಟಿನಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಹೇಳುತ್ತಿದ್ದವರು ಅವರೇ.